ಮಾರನ ಮೇಲೆ ಉಳಿದುಹೋದ ಬೈಗುಳ

ನಮ್ಮ ದಂಡಸಂಹಿತೆಯಲ್ಲಿ ರಾಜದ್ರೋಹ ಎಂಬ ಅಪರಾಧವಿದೆ, ದೇಶದ್ರೋಹ ಎಂಬ ಅಪರಾಧವಿಲ್ಲ. ಬಿಳಿಯರು ತಮ್ಮ ಗದ್ದುಗೆ ಕಾಯಲು ಬರೆದಿಟ್ಟ ಕಲಮು ಅದು. ಗದ್ದುಗೆ ಹೋಯಿತು, ಕಲಮು ಹಾಗೇ ಉಳಿಯಿತು. ಅದರಲ್ಲಿ ಕೂಡ ಸರ್ಕಾರದ ಮೇಲೆ ದ್ವೇಷ ಹುಟ್ಟಿಸಬೇಡಿ ಎಂದಿದೆಯೇ ಹೊರತು ದೇಶದ ಮಾತೇ ಇಲ್ಲ. ಓದು ಬಲ್ಲವರು ನೀವು, ಇಷ್ಟು ನಿಮಗೆ ಗೊತ್ತಿರಬೇಕಾಗಿತ್ತು.

ಪುಸ್ತಕದಲ್ಲಿಲ್ಲದ ಈ ಪದ ಪೇಟೆಯಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಚೀನಾ ಯುದ್ಧ ಬಂದಾಗ ಬೈಲುಕುಪ್ಪೆಯ ಟಿಬೆಟಿನವರಿಗೆ ಹಾಲು ಹಾಕುತ್ತಿದ್ದ ಹೆಂಗಸಿಗೆ ಅಂದರು. ಚೀನಾದವರಿಗೇ ಮನೆಮಠ ಕಳೆದುಕೊಂಡು ಬಂದವರು ಅವರು ಎಂದು ತಿಳಿದುಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ, ಮೂಗು ಚಪ್ಪಟೆ ಇದ್ದದ್ದೇ ಸಾಕಾಯಿತು. ಪಾಕಿಸ್ತಾನದ ಯುದ್ಧದಲ್ಲಿ ನಮ್ಮಪ್ಪಂದಿರ ಅಂಗಿ ಹೊಲಿದು ನಮ್ಮ ಅಂಗಿಯನ್ನೂ ಹೊಲಿಯುತ್ತಿದ್ದ ದರ್ಜಿಗೆ ಅಂದರು. ಅದೇ ಯುದ್ಧದಲ್ಲಿ ಸೀಮೆಎಣ್ಣೆ ಡ್ರಮ್ಮುಗಳನ್ನು ಹುಲ್ಲಿನ ಮೆದೆಯಲ್ಲಿ ಹುಗಿದಿಟ್ಟು ಊರನ್ನು ಕತ್ತಲೆಗೆ ಹಾಕಿದವರಿಗೆ ಯಾರೂ ಅನ್ನಲಿಲ್ಲ. ಅನ್ನುವವರು ಅವರೇ ಆಗಿದ್ದರು.

ಮಾರನಿಗೆ ಅಂದದ್ದು ತುರ್ತುಪರಿಸ್ಥಿತಿಯಲ್ಲಿ, ಎಪ್ಪತ್ತಾರರ ಮೇ ತಿಂಗಳಲ್ಲಿ.

ಮಾರ ಜೇನುಕುರುಬರವನು. ಹುಟ್ಟಿದ್ದು ಕಾಕನಕೋಟೆಯ ಕಾಡಿನಲ್ಲಿ. ಅಪ್ಪ ಆನೆ ಹಿಡಿಯುವ ಖೆಡ್ಡಾ ಕಾಲದಲ್ಲಿ ಜಾಡು ತೋರಿಸಿ ದೊಡ್ಡವರ ಫೋಟೋಗಳಲ್ಲಿ ಹಿಂದೆಲ್ಲೋ ನಿಂತವನು. ಮದುವೆಯಾದ ಮೇಲೆ ಮಾರ ಹೆಂಡತಿ ಚೆನ್ನಿಯ ಹಾಡಿಗೆ ಬಂದು ಉಳಿದುಕೊಂಡ. ಹೊನ್ನೆಗದ್ದೆ ಹಾಡಿ ಎಂದರೆ ಕಾಡಂಚಿನಲ್ಲಿ ಬಿದಿರುತಟ್ಟಿಯ ಒಂದಷ್ಟು ಗುಡಿಸಲು, ನಡುವೆ ಒಂದು ಹೊನ್ನೆಮರ. ಬೇಸಿಗೆಯಲ್ಲಿ ಜೇನು ಕೀಳುವುದು, ಮಳೆ ಬಿದ್ದ ಮೇಲೆ ಹತ್ತಿರದ ಜಮೀನುದಾರ ನಿಂಗಯ್ಯನವರ ಹೊಲದಲ್ಲಿ ರಾಗಿ ಕಳೆ, ಆಮೇಲೆ ಅವರದೇ ಹೊಗೆಸೊಪ್ಪಿನ ಕೆಲಸ, ಕಾಫಿ ಹಣ್ಣಾದಾಗ ಕೊಡಗು. ಇಷ್ಟು ಅವನ ವರ್ಷ.

ಹಾಡಿಯವರಿಗೆ ಹತ್ತಿರದ ಪೇಟೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುಣಸೂರಿನಿಂದ ಕಾಡಿನ ಕಡೆ ಹೋಗುವ ಬಸ್ಸು ಟೀ ಕುಡಿಯಲು ನಿಲ್ಲುವ ಊರು ಎಂದರೆ ಸಾಕು. ಅಲ್ಲಿ ಕರಿಯಪ್ಪನವರದು ನ್ಯಾಯಬೆಲೆ ಅಂಗಡಿ. ಸರ್ಕಾರದ ಸಕ್ಕರೆ, ಸರ್ಕಾರದ ಅಕ್ಕಿ, ಸರ್ಕಾರದ ಸೀಮೆಎಣ್ಣೆ. ಆ ಅಂಗಡಿಯ ಮೆಟ್ಟಿಲನ್ನು ಮಾರ ಯಾವತ್ತೂ ತುಳಿದವನಲ್ಲ. ರಸ್ತೆಯಲ್ಲೇ ನಿಂತು "ಬುದ್ಧೀ" ಎನ್ನುವನು. ಕರಿಯಪ್ಪನವರು ನೋಡಿದರೆ ನೋಡಿದರು, ಇಲ್ಲದಿದ್ದರೆ ಇನ್ನೊಂದು ಸಲ "ಬುದ್ಧೀ."

ವರ್ಷದಲ್ಲಿ ಒಂದು ಸಲ ಮಾತ್ರ ಇದೆಲ್ಲ ತಲೆಕೆಳಗಾಗುತ್ತಿತ್ತು. ಅದು ಕುಂಡೆ ಹಬ್ಬ.

ಹಬ್ಬ ನಡೆಯುವುದು ಕೊಡಗಿನ ಗಡಿಯಾಚೆ. ಬೇಟೆಗೆಂದು ಕಾಡಿನವರನ್ನು ಕರೆದುಕೊಂಡು ಹೋದ ದೇವರು ದಾರಿಯಲ್ಲಿ ಒಬ್ಬಳು ಹೆಣ್ಣುದೇವತೆಯನ್ನು ಕಂಡು ಇವರ ಕೈಬಿಟ್ಟು ಅವಳ ಹಿಂದೆ ಹೋದನಂತೆ. ಆ ಸಿಟ್ಟಿಗೆ ವರ್ಷಕ್ಕೊಂದು ಸಲ ಹೋಗಿ ಅವನನ್ನು ಬಾಯಿಗೆ ಬಂದಂತೆ ಬಯ್ಯುವುದು. ಬಯ್ದು ಅತ್ತು ತಪ್ಪಾಯಿತೆಂದು ಕೈಮುಗಿಯುವುದು. ಹೊನ್ನೆಗದ್ದೆಯವರು ಹೊರಡುವ ಮುಂಚೆ ಸುತ್ತಲಿನ ಊರುಗಳಲ್ಲಿ ಬಯ್ದುಕೊಂಡು ಬರುತ್ತಿದ್ದರು. ಗಂಡಸರಿಗೆ ಸೀರೆ, ಹರಿದ ಕೋಟು, ಮುಖಕ್ಕೆ ಮಸಿ, ಸುಣ್ಣ. ಕೈಯಲ್ಲಿ ತಗಡಿನ ಡಬ್ಬ, ಒಣ ಸೋರೆಬುರುಡೆ. ಅವತ್ತು ಎದುರಿಗೆ ಬಂದವರು ಯಾರಾದರೂ ಸರಿ, ಗೌಡರಾಗಲಿ ಮೇಷ್ಟರಾಗಲಿ ಬಸ್ಸಿನ ಡ್ರೈವರಾಗಲಿ, ಬಯ್ಸಿಕೊಳ್ಳಬೇಕು.

ಬುರುಡೆ ಹಿಡಿದು ಮುಂದೆ ನಡೆಯುತ್ತಿದ್ದವನು ಮಾರ. ಗುಂಪಿನಲ್ಲಿ ಯಾರ ಬಾಯಿಂದ ಏನು ಬಂದರೂ ಅದು ಬುರುಡೆ ಹಿಡಿದವನ ಬೈಗುಳ. ಅದನ್ನು ಹೊತ್ತು ಮುಳುಗುವುದರೊಳಗೆ ಅವನೇ ತೆಗೆಯಲೂ ಬೇಕು. ಬೆಳಿಗ್ಗೆ ಬಯ್ದ ಬಾಗಿಲಿಗೆ ಸಂಜೆ ಮುಖ ತೊಳೆದುಕೊಂಡು ಬಂದು, ಬಯ್ಸಿಕೊಂಡವರ ಕಾಲಿನ ಮುಂದೆ ನೆಲ ಮುಟ್ಟಿ "ಆಡ್ದ ಮಾತು ನಂದು, ನಾನೇ ತಕ್ಕೊಂಡೆ" ಎನ್ನಬೇಕು. ಹಾಗೆ ತೆಗೆಯದೆ ಬಿಟ್ಟ ಬೈಗುಳ ಮೈಮೇಲೆ ಕೂತುಬಿಡುತ್ತದೆ ಎಂಬುದು ಹಾಡಿಯ ನಂಬಿಕೆ. ಯಾರದೋ ಬೈಗುಳವನ್ನು ಮೈಮೇಲೆ ಹೊತ್ತವನು ಬುರುಡೆ ಹಿಡಿಯುವಂತಿಲ್ಲ, ದೇವರನ್ನು ಬಯ್ಯುವಂತಿಲ್ಲ. ಅವನ ಬಾಯಿ ದೇವರಿಗೆ ಕೇಳುವುದಿಲ್ಲ.

ಉಳಿದ ದಿನಗಳಲ್ಲಿ ಮಾತೇ ಬಾರದವನಂತಿದ್ದ ಮಾರ ಅವತ್ತು ಬಾಯಿ ತೆಗೆದರೆ ಪೇಟೆಯೇ ಬಾಗಿಲಿಗೆ ಬರುತ್ತಿತ್ತು.

"ಲೋ ಕರಿಯಾ, ಒರಕ್ಕೆ ಬಾರ್ಲಾ! ತಕ್ಕಡಿ ತಟ್ಟೆ ಕೆಳಗೆ ಏನ್ಲಾ ಅಂಟಿಸಿದ್ದೀಯೆ, ನಿಮ್ಮಪ್ಪನ ಮೀಸೆಯಾ?"

"ಇವತ್ತೊಂದಿನ ಕಣ್ಲಾ ನಿಂದು," ಎಂದು ಕರಿಯಪ್ಪನವರು ಹೊಟ್ಟೆ ಹಿಡಿದುಕೊಂಡು ನಗುವರು. "ನಾಳೆ ಬತ್ತೀಯಲ್ಲ ಬುದ್ಧೀ ಅಂತ!"

"ನಾಳೀಕೆ ನೀನಿದ್ರೆ ತಾನೆ! ನಿನ್ ಸಕ್ಕರೆಗೆ ಇರುವೆ ಕೂಡ ಮೂಸಾಕಿಲ್ಲ, ಅಷ್ಟು ಮರಳು ಅದೆ!"

ಕರಿಯಪ್ಪನವರ ತಾಯಿ ಸುನಂದಮ್ಮ ಒಳಗಿನಿಂದ ಮೊಮ್ಮಗುವನ್ನು ಎತ್ತಿಕೊಂಡು ಬರುವರು. "ಇದಕ್ಕೂ ನಾಕು ಬಯ್ಯೋ ಮಾರ, ಕೆಮ್ಮು ಬುಡ್ತಾನೇ ಇಲ್ಲ." ಮಾರ ಮಗುವಿನ ಕೆಮ್ಮಿಗೆ ಅದರ ತಾತ ಮುತ್ತಾತಂದಿರನ್ನೆಲ್ಲ ಸೇರಿಸಿ ಬಯ್ಯುವನು. ಸುನಂದಮ್ಮ ಬಾಳೆಹಣ್ಣು ಕೊಡುವರು, ಕರಿಯಪ್ಪನವರು ಬೀಡಿಕಟ್ಟು ಎಸೆಯುವರು. ಬಯ್ಸಿಕೊಳ್ಳದ ಅಂಗಡಿಯವರು "ನಮ್ಮನ್ನು ಮರೆತನಾ ನನ್ಮಗ" ಎಂದು ಬೇಜಾರು ಮಾಡಿಕೊಂಡದ್ದೂ ಉಂಟು.

ಎಪ್ಪತ್ತಾರರಲ್ಲಿ ಆದದ್ದೇ ಬೇರೆ.

ಹಾಡಿಯವರು ಬಯ್ಯಲು ಬಂದ ದಿನವೇ ಪೇಟೆಯ ನಡುವೆ ಜೀಪು ನಿಂತಿತ್ತು. ಕುಟುಂಬ ಯೋಜನೆಯ ಆಪರೇಷನ್ ಶಿಬಿರಕ್ಕೆ ಗಂಡಸರನ್ನು ಕೂಡಿಸಲು ಒಬ್ಬ ಸಾಹೇಬರು ಬಂದಿದ್ದರು. ಬೇರೆ ಜಿಲ್ಲೆಯವರು, ಈ ಕಡೆಗೆ ಹೊಸಬರು. ಜೀಪಿನ ಮೇಲಿನ ಧ್ವನಿವರ್ಧಕ ಬೆಳಿಗ್ಗೆಯಿಂದ ಒಂದೇ ಸಮನೆ ಕೂಗುತ್ತಿತ್ತು: ಯೋಜನೆಗೆ ಸಹಕರಿಸಿ, ಇದನ್ನು ವಿರೋಧಿಸುವವರು ದೇಶದ್ರೋಹಿಗಳು. ಅಲ್ಲಿಯವರೆಗೆ ಆ ಊರಿನಲ್ಲಿ ಯುದ್ಧ ಬಂದಾಗ ಮಾತ್ರ ಕೇಳಿಸುತ್ತಿದ್ದ ಪದ, ಟೀ ಅಂಗಡಿಯ ಬೋಂಡದ ಹೊಗೆಯ ಜೊತೆ ಅವತ್ತು ಎಲ್ಲರ ಕಿವಿಗೂ ಹೊಕ್ಕಿತ್ತು.

ಸಾಹೇಬರು ಕೂತದ್ದು ಕರಿಯಪ್ಪನವರ ಜಗಲಿಯ ಕುರ್ಚಿಯಲ್ಲಿ. ಪಕ್ಕದಲ್ಲಿ ಕರಿಯಪ್ಪನವರು ಎಳನೀರು ಹಿಡಿದು ನಿಂತಿದ್ದರು. ಅಂಗಡಿಯ ಪರವಾನಗಿ ಆ ವರ್ಷ ಹೊಸದಾಗಬೇಕಿತ್ತು.

ದೂರದಿಂದ ಡಬ್ಬದ ಸದ್ದು ಬಂತು. ಆ ಊರಿನವನೇ ಆದ ಪೇದೆ ಕೆಂಪಯ್ಯ ಓಡಿ ಹೋಗಿ ಅಡ್ಡ ನಿಂತ.

"ಮಾರ, ಇವತ್ತು ಬ್ಯಾಡ ಕಣ್ಲಾ. ಸಾಯೇಬ್ರು ಬಂದವ್ರೆ."

"ಬಂದ್ರೆ ಬರ್ಲಿ ಬುಡಿ ಕೆಂಪಯ್ನೋರೆ, ಅವ್ರಿಗೂ ನಾಕು ಆಕೋಣ. ದೂರದಿಂದ ಬಂದೋರು, ಬರೀ ಕೈಲಿ ಕಳಿಸಾದಾ?"

ಇದು ಕೊಬ್ಬಲ್ಲ, ಉಪಚಾರ. ತಮ್ಮವರು ಎಂದುಕೊಂಡವರನ್ನು ಮಾತ್ರ ಅವರು ಬಯ್ಯುವುದು. ಅವತ್ತಿನ ತನಕ ಸರ್ಕಾರ ಎಂಬುದು ಮಾರನ ಬೈಗುಳದ ಸುತ್ತಿನೊಳಗೆ ಬಂದೇ ಇರಲಿಲ್ಲ. ಕಾಡಿನಿಂದ ಹೊರಗೆ ಹಾಕುವಾಗ ಬರುತ್ತಿತ್ತು, ಹೋಗುತ್ತಿತ್ತು. ಅವತ್ತು ಕರಿಯಪ್ಪನವರ ಜಗಲಿಯಲ್ಲಿ ಎಳನೀರು ಕುಡಿಯುತ್ತ ಕೂತದ್ದನ್ನು ನೋಡಿ ಅದನ್ನೂ ನೆಂಟರ ಸಾಲಿಗೆ ಸೇರಿಸಿಕೊಂಡ.

ಮಾರ ಬುರುಡೆ ಬಡಿದ. ಮುಂದಕ್ಕೆ ಹಾರಿದವನು ಚೆನ್ನಿಯ ತಮ್ಮ ಸಿದ್ದ. ಅಕ್ಕಪಕ್ಕದವರ ಸೀರೆಯುಟ್ಟು, ಹೊಟ್ಟೆಗೆ ಹುಲ್ಲು ತುರುಕಿಕೊಂಡು ತುಂಬು ಬಸುರಿಯಾಗಿದ್ದ. ಸಾಹೇಬರ ಎದುರಿಗೆ ನಿಂತು ಸೊಂಟದ ಮೇಲೆ ಕೈಯಿಟ್ಟ.

"ಓ ಸರ್ಕಾರಪ್ಪಾ, ನಿನ್ ಕುಂಡೆ ಸುಡಾ! ಕಾಡು ನಂದು ಅಂದೆ, ಓಗ್ಲಿ ಅಂತ ಬುಟ್ಟೆ. ಜೇನು ನಂದು ಅಂದೆ, ಬುಟ್ಟೆ. ಈಗ ನನ್ ಗಂಡನ ಪಂಚೆ ಒಳಗಿರಾದೂ ನಂದು ಅಂತೀಯಲ್ಲೋ, ಅದ್ನ ಎಂಗೋ ಬುಡ್ಲಿ?"

ಪೇಟೆ ಬಿದ್ದು ಬಿದ್ದು ನಕ್ಕಿತು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಕೆಂಪಯ್ಯ ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದ. ಎಲ್ಲರಿಗಿಂತ ಮೊದಲು ನಕ್ಕವರು ಕರಿಯಪ್ಪನವರು. ಆಮೇಲೆ ಅವರು ಸಾಹೇಬರ ಮುಖ ನೋಡಿದರು.

ಸಾಹೇಬರು ನಗುತ್ತಿರಲಿಲ್ಲ. "ಯಾರ್ರೀ ಇವರು? ನಿಮ್ಮ ಕಡೆಯವರೇನ್ರೀ?"

ಇಲ್ಲಿ ಕರಿಯಪ್ಪನವರು ಹೇಳಬಹುದಾದ ಮಾತುಗಳು ಬೇಕಾದಷ್ಟಿದ್ದವು. ಹಬ್ಬ ಸಾರ್, ಪದ್ಧತಿ ಸಾರ್, ನಮ್ಮನ್ನೂ ಬಯ್ತಾರೆ ಸಾರ್, ಸಂಜೆ ಬಂದು ತೆಗೀತಾರೆ ಸಾರ್. ಯಾವುದೂ ಬಾಯಿಗೆ ಬರಲಿಲ್ಲ. ಬೆಳಿಗ್ಗೆಯಿಂದ ಕಿವಿಯಲ್ಲಿ ಕೂತಿದ್ದದ್ದೇ ಬಂತು.

"ನಮ್ಮವರಲ್ಲ ಸಾರ್. ಇವರು... ದೇಶದ್ರೋಹಿಗಳು ಸಾರ್." ಬೆರಳು ಮಾರನ ಕಡೆಗಿತ್ತು.

ಮಾರನ ಮುಖ ಅರಳಿತು. ಅಷ್ಟು ವರ್ಷ ಬಯ್ದಿದ್ದರೂ ಕರಿಯಪ್ಪನವರು ತಿರುಗಿ ಬಯ್ದದ್ದು ಅದೇ ಮೊದಲು. ಬಯ್ಸಿಕೊಂಡವರು ತಿರುಗಿ ಬಯ್ದರೆ ಹಾಡಿಯವರಿಗೆ ಅದಕ್ಕಿಂತ ಮರ್ಯಾದೆ ಇನ್ನೊಂದಿಲ್ಲ.

"ಭಲೇ ಕರಿಯಾ! ಈ ವರ್ಸ ಬಾಯಿ ಬಂತಲ್ಲೋ ನಿಂಗೆ!" ಎಂದು ಬುರುಡೆ ಬಡಿದು ಒಂದು ಸುತ್ತು ಕುಣಿದ. "ಹೂಂ ಕಣ್ಲಾ, ನಾನು ದೇಸದ್ರೋಯಿ! ನಮ್ಮಪ್ಪ ದೇಸದ್ರೋಯಿ! ನಮ್ಮ ದೇವ್ರೈತಲ್ಲ, ಅದು ಎಲ್ರಿಗಿಂತ ದೊಡ್ಡ ದೇಸದ್ರೋಯಿ!"

ಸಾಹೇಬರು ಎದ್ದು ನಿಂತರು. "ಕೇಳಿಸ್ಕೊಂಡ್ರಲ್ಲ? ಅವನೇ ಒಪ್ಪಿಕೊಂಡ."

ಉಳಿದವರು ಡಬ್ಬ ಬಿಸಾಕಿ ಕಾಡಿನ ಕಡೆ ಓಡಿದರು. ಮಾರ ಓಡಲಿಲ್ಲ. ಓಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಕೆಂಪಯ್ಯನೇ ಕೈ ಹಿಡಿದು ಠಾಣೆಗೆ ಕರೆದುಕೊಂಡು ಹೋದ.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಕೇಳಿದ್ದು ಒಂದೇ ಪ್ರಶ್ನೆ. ಸೀರೆ ಉಟ್ಟುಕೊಂಡು ಸರ್ಕಾರಕ್ಕೆ ಬಯ್ದವನು ಯಾರು?

"ನಾನೇ ಸ್ವಾಮಿ."

"ನೀನು ಕೋಟು ಹಾಕಿದ್ದೀಯಲ್ಲೋ ಬೋಳಿಮಗನೆ."

"ಬುರುಡೆ ನಂದು ಸ್ವಾಮಿ. ಬಾಯಿ ಯಾರ್ದಾದ್ರೂ ಬೈಗುಳ ನಂದೇಯ."

ಹೊಡೆದರು. ಮತ್ತೆ ಕೇಳಿದರು. ಬುರುಡೆ ನಂದು ಸ್ವಾಮಿ. ಮತ್ತೆ ಹೊಡೆದರು. ಮುಖದ ಮಸಿ, ಸುಣ್ಣ, ರಕ್ತ ಎಲ್ಲ ಕಲಸಿಹೋಯಿತು. ಸಿದ್ದನ ಹೆಸರು ಬರಲಿಲ್ಲ. ತನ್ನವರನ್ನು ಹಿಡಿದುಕೊಟ್ಟವನಿಗೆ ದ್ರೋಹಿ ಎನ್ನುತ್ತಾರೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಊರಿನಲ್ಲಿ ಅವತ್ತು ಒಬ್ಬನನ್ನು ಹಿಡಿದುಕೊಟ್ಟವರು ಕರಿಯಪ್ಪನವರು. ಹಿಡಿದುಕೊಡಲಾರೆ ಎಂದು ಏಟು ತಿಂದವನು ಮಾರ. ಪದ ಯಾರಿಗೆ ಅಂಟಿತು ನೋಡಿ.

ಹೊತ್ತು ಇಳಿಯತೊಡಗಿದಾಗ ಮಾರ ಬಾಗಿಲಿನ ಕಂಬಿ ಹಿಡಿದುಕೊಂಡು ರಸ್ತೆಯ ಕಡೆಗೇ ನೋಡತೊಡಗಿದ.

"ಕೆಂಪಯ್ನೋರೆ, ಕರಿಯಪ್ನೋರು ಬಂದ್ರಾ?"

"ಅವ್ರ್ ಯಾಕ್ಲಾ ಬತ್ತಾರೆ?"

"ಬಯ್ದವ್ರಲ್ಲಾ ಬುದ್ಧಿ, ತಗೀಬೇಕಲ್ಲಾ. ಒತ್ತು ಮುಳುಗ್ತಾ ಅದೆ. ನಾನೂ ಓಗಿ ಅವ್ರದ್ನ ತಗೀಬೇಕು. ವಸಿ ಬುಟ್ರೆ ಓಗಿ ಬಂದ್ಬುಡ್ತೀನಿ."

ಕೆಂಪಯ್ಯ ಕಂಬಿಯ ಹತ್ತಿರ ಬಂದ. "ಅದು ಬೈಗುಳ ಅಲ್ಲ ಕಣ್ಲಾ. ಆರೋಪ."

"ಆರೋಪ ಅಂದ್ರೆ?"

"ಬೈಗುಳವೇಯ. ಆದ್ರೆ ಅಂದೋರು ಅದ್ನ ತಗಿಯಾಕಿಲ್ಲ."

ಮಾರ ನಕ್ಕ. ಅಂಥದೊಂದು ಬೈಗುಳ ಇರಬಹುದೆಂದು ಅವನಿಗೆ ನಂಬಿಕೆಯಾಗಲಿಲ್ಲ. ದೀಪ ಹಚ್ಚುವವರೆಗೂ ಕಂಬಿ ಬಿಡಲಿಲ್ಲ.

ಕರಿಯಪ್ಪನವರ ಪರವಾನಗಿ ಹೊಸದಾಯಿತು. ಮಾರ ಮೈಸೂರಿನ ಜೈಲಿಗೆ ಹೋದ. ದೇವರನ್ನು ಬಯ್ಯಲು ಆ ವರ್ಷ ಹೊನ್ನೆಗದ್ದೆಯಿಂದ ಯಾರೂ ಹೋಗಲಿಲ್ಲ. ಮಳೆಗಾಲ ಮುಗಿದು, ರಾಗಿ ತೆನೆ ಬಂದ ಮೇಲೆ ಯಾರೋ ಮೇಲಿನವರಿಗೆ ಇವನು ಹೊರೆಯೆನ್ನಿಸಿ, ವಿಚಾರಣೆಯೂ ಇಲ್ಲದೆ ಬಿಟ್ಟು ಕಳಿಸಿದರು.

ಬಸ್ಸಿಳಿದು ನಡೆದುಕೊಂಡು ಬರುತ್ತಿದ್ದಾಗ ನಿಂಗಯ್ಯನವರು ಹೊಲದ ಬದುವಿನಲ್ಲಿ ಸಿಕ್ಕರು. ಕೆಟ್ಟವರಲ್ಲ. ಮೈ ಕೈ ಹೇಗಿದೆ ಎಂದು ವಿಚಾರಿಸಿದರು, ಎಲೆ ಅಡಿಕೆ ಕೊಟ್ಟರು.

"ನಾಳೆಯಿಂದ ಕೊಯ್ಲಿಗೆ ಬರ್ಲಾ ಬುದ್ಧಿ?"

ನಿಂಗಯ್ಯನವರು ಬೇರೆ ಕಡೆ ನೋಡಿದರು. "ಈ ವರ್ಸ ಬ್ಯಾಡ ಕಣೋ ಮಾರ. ದೇಶದ್ರೋಹಿನ ಕೆಲಸಕ್ಕೆ ಇಟ್ಕೊಂಡವ್ರೆ ಅಂತ ಯಾರಾದ್ರೂ ಬರೆದಾಕ್ಬುಟ್ರೆ, ನನ್ನ ಹೊಗೆಸೊಪ್ಪಿನ ಲೈಸೆನ್ಸ್ ಗತಿ ಏನು? ಕಾಲ ಸರಿ ಇಲ್ಲ. ಚೆನ್ನಿನ ಕಳ್ಸು, ಅವ್ಳು ಬರ್ಲಿ."

ಆ ಪದ ಅವನಿಗಿಂತ ಮುಂಚೆ ಊರು ಸೇರಿತ್ತು. ಅದು ಸಿಟ್ಟಿನ ಪದವಾಗಿ ಉಳಿದಿದ್ದರೂ ಒಂದು ದಿನ ತಣಿಯುತ್ತಿತ್ತೋ ಏನೋ. ಆದರೆ ಅಷ್ಟರಲ್ಲಿ ಅದು ಅಡ್ಡಹೆಸರಾಗಿತ್ತು. ಪೇಟೆಯಲ್ಲಿ ಮಾರ ಎನ್ನುವವರು ಇನ್ನೂ ಒಬ್ಬಿಬ್ಬರಿದ್ದರಲ್ಲ, ಇವನನ್ನು ಬೇರೆ ಮಾಡಿ ಗುರುತಿಸಲು ಅನುಕೂಲವಾಯಿತು. ಸಂತೆಯಲ್ಲಿ ಚೆನ್ನಿ ಕಾಡುಗೆಣಸು ಇಟ್ಟುಕೊಂಡು ಕೂತರೆ "ಓ ದೇಶದ್ರೋಹಿ ಹೆಂಡ್ತೀ, ಗೆಣಸು ಹೆಂಗ್ ಕೊಟ್ಟೆ?" ಎಂದು ಕೇಳುವರು. ನಗುತ್ತ ಕೇಳುವರು, ಗೆಣಸು ಕೊಳ್ಳುವರು, ಮಗಳು ಮಲ್ಲಿ ಚೆನ್ನಾಗಿದ್ದಾಳಾ ಎನ್ನುವರು. ಅವರ ಮನಸ್ಸಿನಲ್ಲಿ ವಿಷವಿರಲಿಲ್ಲ. ವಿಷವಿಲ್ಲದೆ ಹೀಗೆ ಅನ್ನುವುದನ್ನು ರೂಢಿ ಮಾಡಿಕೊಂಡ ಊರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಕೂಲಿ ತಪ್ಪಿದ್ದಕ್ಕೆ ಮಾರ ಅಷ್ಟು ಕೊರಗಲಿಲ್ಲ. ಕೊಡಗಿನ ತೋಟದವರಿಗೆ ಈ ಕಥೆ ಗೊತ್ತಿರಲಿಲ್ಲ, ಅಲ್ಲಿ ದುಡಿದ. ಅವನಿಗೆ ಇದ್ದದ್ದು ಒಂದೇ ಯೋಚನೆ. ಮುಂದಿನ ಮೇ ತಿಂಗಳೊಳಗೆ ಆ ಮಾತನ್ನು ಆಡಿದವರು ತೆಗೆಯಬೇಕು. ಇಲ್ಲದಿದ್ದರೆ ತಾನು ಬುರುಡೆ ಹಿಡಿಯುವಂತಿಲ್ಲ.

ಮೊದಲು ಹೋದದ್ದು ಕರಿಯಪ್ಪನವರ ಅಂಗಡಿಗೆ. ತನ್ನ ಕಡೆಯದನ್ನು ಮೊದಲು ತೀರಿಸಿದ. ರಸ್ತೆಯ ಮಣ್ಣು ಮುಟ್ಟಿ "ಆಡ್ದ ಮಾತು ನಂದು, ನಾನೇ ತಕ್ಕೊಂಡೆ ಬುದ್ಧೀ" ಎಂದ. ಆಮೇಲೆ ಎದ್ದು ನಿಂತು ಕಾದ.

"ಇನ್ನೇನ್ಲಾ?" ಎಂದರು ಕರಿಯಪ್ಪನವರು.

"ನಿಮ್ದು ಬುದ್ಧೀ."

"ನಂದೇನು?"

"ಅವತ್ತು ಅಂದ್ರಲ್ಲಾ. ಅದ್ನ ನೀವು ತಕ್ಕೋಬೇಕು."

"ನಾನೆಲ್ಲಿ ಅಂದೆ? ಮೈಕಿನಾಗೆ ಅಂದ್ರು. ಸರ್ಕಾರ ಅಂದದ್ದು. ಓಗು, ಸರ್ಕಾರನ ಕೇಳೋಗು."

ಒಳಗಿನಿಂದ ಸುನಂದಮ್ಮನ ದನಿ ಬಂತು. "ನಿನ್ನ ಬಾಯಿಂದ್ಲೇ ಬಂದದ್ದು ಕಣೋ ಕರಿಯ, ನನ್ ಕಿವಿಯಾರ ಕೇಳಿವ್ನಿ. ತಕ್ಕೋ ಅತ್ಲಾಗೆ. ನಿಂದೇನು ಗಂಟು ಓಯ್ತದೆ?"

"ನೀ ಸುಮ್ಕಿರವ್ವ, ನಿಂಗೇನೂ ಗೊತ್ತಾಗಾಕಿಲ್ಲ. ತಕ್ಕೊಂಡ್ರೆ ನಾನು ಸುಳ್ಳೇಳ್ದೆ ಅಂತಾಗ್ತದೆ. ಆಗ ನಾನೇನಾಗ್ತೀನಿ ಗೊತ್ತಾ?"

ಆ ಪ್ರಶ್ನೆಗೆ ಉತ್ತರ ಮೂವರಿಗೂ ಗೊತ್ತಿತ್ತು.

ಸರ್ಕಾರವನ್ನು ಕೇಳು ಎಂದರಲ್ಲ, ಮಾರ ಕೇಳಲು ಹೊರಟ. ಆ ಸಾಹೇಬರಿಗೆ ವರ್ಗವಾಗಿತ್ತು. ಇನ್ಸ್‌ಪೆಕ್ಟರು ಗೇಟಿನ ಒಳಗೆ ಬಿಡಲಿಲ್ಲ. ಕೆಂಪಯ್ಯ ಹುಣಸೂರಿನ ಒಬ್ಬ ವಕೀಲರ ಹತ್ತಿರ ಕಳಿಸಿದ. ವಕೀಲರು ಒಳ್ಳೆಯವರು, ಕೂರಿಸಿ ಮಾತಾಡಿದರು.

"ನಿನ್ನ ಕೇಸಿನಲ್ಲಿ ಆ ಪದವೇ ಇಲ್ಲ ಕಣಯ್ಯಾ. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ ಅಂತಿದೆ, ಅಷ್ಟೆ. ಅದೂ ಬಿದ್ದುಹೋಯ್ತು. ಇಲ್ಲದ ಪದವನ್ನ ಕೋರ್ಟು ಹೇಗೆ ತೆಗೆಯುತ್ತೆ?"

"ಇಲ್ದೇ ಇದ್ರೆ ಎಲ್ರೂ ಯಾಕ್ ಸ್ವಾಮಿ ಅಂತಾರೆ?"

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದ್ರ ಅರ್ಥ ಏನು ಸ್ವಾಮಿ? ಸರಿಯಾಗಿ ಏಳಿ."

"ತಾನು ಹುಟ್ಟಿದ ನೆಲವನ್ನ, ತನ್ನ ಜನವನ್ನ ಶತ್ರುವಿಗೆ ಒಪ್ಪಿಸೋನು."

"ನಾವ್ ಉಟ್ಟಿದ್ ನೆಲ ಕಾಕನಕೋಟೆ ಕಾಡು. ಈಗ ಅಲ್ಲಿಗೆ ಕಾಲಿಡಂಗಿಲ್ಲ. ಅದ್ನ ನಾವು ಯಾರ್ಗೂ ಒಪ್ಪಿಸ್ಲಿಲ್ಲ ಸ್ವಾಮಿ. ಅವ್ರೇ ತಕ್ಕೊಂಡ್ರು." ಎಂದ ಮಾರ. "ಅಂಗಾದ್ರೆ ನಾನು ಯಾರ್ನ ಯಾರ್ಗೆ ಇಡ್ಕೊಟ್ಟೆ?"

ವಕೀಲರು ಟೀ ತರಿಸಿದರು.

ಎಪ್ಪತ್ತೇಳರಲ್ಲಿ ಚುನಾವಣೆ ಬಂತು. ದಿಲ್ಲಿಯಲ್ಲಿ ಸರ್ಕಾರ ಬಿತ್ತು. ಅಲ್ಲಿ ಬಿದ್ದ ಸದ್ದು ನಮ್ಮ ಪೇಟೆಗೆ ಬರುವುದರೊಳಗೆ ಕರಿಯಪ್ಪನವರು ಈಚೆ ದಡಕ್ಕೆ ಬಂದು ಮೈ ಒರೆಸಿಕೊಂಡು ನಿಂತಾಗಿತ್ತು. ಅವರ ಅಂಗಡಿಯ ಎದುರಿಗೇ ಚಪ್ಪರ, ಮೈಕು, ವಿಜಯೋತ್ಸವ. ಹಿಂದಿನ ವರ್ಷ ಜೀಪು ನಿಂತಿದ್ದ ಜಾಗದಲ್ಲಿ ನಿಂತು ಕರಿಯಪ್ಪನವರು ಭಾಷಣ ಮಾಡಿದರು. "ಬಡವರನ್ನ ಹಿಂಸಿಸಿದ ದೇಶದ್ರೋಹಿಗಳಿಗೆ ಜನ ತಕ್ಕ ಪಾಠ ಕಲಿಸಿದ್ದಾರೆ" ಎಂದರು. ಅದೇ ಪದ, ಅದೇ ಗಂಟಲು, ಬೆರಳು ಮಾತ್ರ ಬೇರೆ ಕಡೆ. ಜನ ಚಪ್ಪಾಳೆ ಹೊಡೆದರು. ಒಬ್ಬನೂ "ಹೋದ ವರ್ಷ ಏನಂದಿದ್ರಿ?" ಎಂದು ಕೇಳಲಿಲ್ಲ.

ಗುಂಪಿನ ಹಿಂದೆ ನಿಂತಿದ್ದ ಮಾರನನ್ನು ಅವರು ಗುರುತಿಸಿದರು. ಇಂಥ ಕಡೆ ಅವರ ಕಣ್ಣು ಬಲು ಚುರುಕು.

"ನೋಡಿ, ನಮ್ಮೂರಿನ ಹುಲಿ ಅಲ್ಲಿ ನಿಂತವ್ನೆ! ಸರ್ಕಾರದ ಮುಖಕ್ಕೆ ಬಯ್ದು ಜೈಲಿಗೆ ಹೋದ ನಮ್ಮ ಮಾರ! ಬಾರಪ್ಪ ಮಾರಣ್ಣ, ಮ್ಯಾಲಕ್ಕೆ ಬಾ!"

ಮಾರಣ್ಣ! ಯಾರೋ ತಳ್ಳಿದರು, ಯಾರೋ ಎತ್ತಿದರು. ಮೆಟ್ಟಿಲು ತುಳಿಯದವನು ವೇದಿಕೆಯ ಮೇಲೆ ನಿಂತ. ಕರಿಯಪ್ಪನವರು ಚೆಂಡುಹೂವಿನ ಹಾರ ಹಿಡಿದು ಬಂದರು. ಮಾರ ಎರಡೂ ಕೈಯಿಂದ ಅದನ್ನು ತಡೆದ.

"ಆರ ಬ್ಯಾಡಿ ಬುದ್ಧೀ. ಮಾತು ತಗೀರಿ."

ಮೈಕು ಹತ್ತಿರದಲ್ಲೇ ಇತ್ತು. ಎಲ್ಲರಿಗೂ ಕೇಳಿಸಿತು.

"ಏನ್ ಮಾತ್ಲಾ?" ಕರಿಯಪ್ಪನವರು ಹಲ್ಲುಬಿಟ್ಟು ನಗುತ್ತಲೇ ಹಲ್ಲಿನ ಸಂದಿಯಲ್ಲಿ ಕೇಳಿದರು.

"ದೇಸದ್ರೋಯಿ ಅಂದ್ರಲ್ಲಾ. ಈಗ ಎಲ್ರೂ ಅವ್ರೆ. ಆಡ್ದ ಮಾತು ನಂದು, ನಾನೇ ತಕ್ಕೊಂಡೆ ಅನ್ನಿ. ಸಾಕು. ಇನ್ನೇನೂ ಬ್ಯಾಡ ನಂಗೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕರಿಯಪ್ಪನವರು ಹಾರವನ್ನು ಅವನ ಕೊರಳಿಗೆ ತುರುಕಲು ನೋಡಿದರು. ಇವನು ತಲೆ ಹಿಂದಕ್ಕೆ ಎಳೆದುಕೊಂಡ. ಮತ್ತೆ ತುರುಕಿದರು, ಮತ್ತೆ ಎಳೆದುಕೊಂಡ. ಹಾರ ಹರಿದು ಹೂವುಗಳು ಹಲಗೆಯ ಮೇಲೆ ಉದುರಿದವು. ಅಲ್ಲಿಯವರೆಗೂ ಮುಖದ ಮೇಲಿದ್ದ ಕರಿಯಪ್ಪನವರ ನಗು ಮಾಯವಾಯಿತು.

"ಅಂದ್ರೇನ್ಲಾ ತಪ್ಪು? ಊರಿನೋರು ಮರ್ಯಾದೆ ಕೊಟ್ರೆ ಒದೀತೀಯಲ್ಲ, ನೀನು ದೇಶದ್ರೋಹಿ ಅಲ್ದೆ ಇನ್ನೇನು? ಇಳಿಯೋ ಕೆಳಕ್ಕೆ!"

ಮೈಕಿನಲ್ಲೇ ಅಂದರು. ಹೋದ ಸಲ ಪೇಟೆಯ ನಡುವಿನಷ್ಟು ಜನಕ್ಕೆ ಕೇಳಿಸಿತ್ತು, ಈ ಸಲ ಊರಾಚೆಯ ಹೊಲದವರೆಗೂ ಕೇಳಿಸಿತು. ಸರ್ಕಾರ ಬದಲಾದರೇನು, ಹಾಡಿಯವನು ಹೂವಿನ ಹಾರಕ್ಕೆ ಕತ್ತು ಒಡ್ಡದಿದ್ದರೆ ಅದೇ ಪದ ಸಿದ್ಧವಾಗಿತ್ತು. ಮಾರ ಇಳಿದ. ಜನ ದಾರಿ ಬಿಟ್ಟರು.

ಆ ಮೇ ತಿಂಗಳಲ್ಲಿ ಬುರುಡೆ ಹಿಡಿದವನು ಸಿದ್ದ. ಹೋಗುವ ಹೊತ್ತಿಗೆ ಅವನು ಮಾರನ ಮುಂದೆ ಬಂದು ಕೂತ.

"ಅವತ್ತು ಬಯ್ದೋನು ನಾನು. ಏಟು ತಿಂದೋನು ನೀನು. ಬುರುಡೆ ನೀನೇ ಇಡಿ ಭಾವ, ಯಾವ ದೇವ್ರು ಏನ್ ಮಾಡ್ತದೋ ನೋಡಾನ."

"ಬ್ಯಾಡ ಕಣ್ಲಾ. ಮೈಮ್ಯಾಲೆ ಅದೆ."

ಚೆನ್ನಿ ಬಂದು ಅವನ ಕಾಲಿನ ಮುಂದೆ ನೆಲ ಮುಟ್ಟಿದಳು. "ಆಡ್ದ ಮಾತು ನಂದು ಅಂತ ತಿಳ್ಕೋ. ನಾನು ತಕ್ಕೊಂಡೆ, ಓಯ್ತು ಬುಡು."

"ನೀ ಆಡಿಲ್ವಲ್ಲಾ ಚೆನ್ನಿ," ಎಂದ ಮಾರ. "ಆಡ್ದೋರೇ ತಗೀಬೇಕು."

ಗುಂಪು ಹೋಯಿತು. ಅವನು ಹೋಗಲಿಲ್ಲ. ಎಪ್ಪತ್ತೆಂಟರಲ್ಲೂ ಹೋಗಲಿಲ್ಲ, ಎಪ್ಪತ್ತೊಂಬತ್ತರ ಈ ವರ್ಷವೂ ಹೋಗಿಲ್ಲ. ಪೇಟೆಗೆ ಬಂದ ಹಾಡಿಯವರು ಈಗಲೂ ಬಯ್ಯುತ್ತಾರೆ, ಆದರೆ ಕರಿಯಪ್ಪನವರ ಅಂಗಡಿ ದಾಟಿಕೊಂಡು ಹೋಗುತ್ತಾರೆ, ಜೀಪು ಕಂಡರೆ ಡಬ್ಬ ಬಡಿಯುವುದನ್ನು ನಿಲ್ಲಿಸುತ್ತಾರೆ. ಮಾರ ಜೇನು ಕೀಳುತ್ತಾನೆ, ಕೊಡಗಿಗೆ ಹೋಗಿ ಬರುತ್ತಾನೆ. ಕೂಲಿ ಕೇಳಲಾದರೂ "ಬುದ್ಧೀ" ಎನ್ನುತ್ತಿದ್ದವನು ಈಗ ಅದನ್ನೂ ಅನ್ನುವುದಿಲ್ಲ. ಮಲ್ಲಿ ಹೇಳುವ ಪ್ರಕಾರ ಮನೆಯಲ್ಲೂ ಅಷ್ಟೇ. ನಾಯಿಯನ್ನು ಗದರಿಸಬೇಕಾದರೂ ಕೈ ಬೀಸುತ್ತಾನೆ, ಬಾಯಿ ತೆಗೆಯುವುದಿಲ್ಲ.

ಕರಿಯಪ್ಪನವರು ಒಬ್ಬರನ್ನೇ ಬಯ್ದು ಮುಗಿಸುವುದು ಸುಲಭ. ಅವರು ಒಮ್ಮೆ ಭಯಕ್ಕೆ ಅಂದರು, ಒಮ್ಮೆ ಅವಮಾನಕ್ಕೆ ಅಂದರು. ನೀವು ಯಾತಕ್ಕೆ ಅಂದಿರಿ? ದರ್ಜಿಗೆ ಅಂದವರು ಇದನ್ನು ಓದುತ್ತಿದ್ದೀರಿ. ಹಾಲಿನವಳಿಗೆ ಅಂದವರೂ ಓದುತ್ತಿದ್ದೀರಿ. ಸಂತೆಯಲ್ಲಿ ಚೆನ್ನಿಯ ಗೆಣಸು ಚೌಕಾಸಿ ಮಾಡಿದವರು ಹುಣಸೂರಿನಲ್ಲಿದ್ದೀರಿ, ಪಿರಿಯಾಪಟ್ಟಣದಲ್ಲಿದ್ದೀರಿ, ನಿಮ್ಮ ಮುಖಗಳೆಲ್ಲ ಗೊತ್ತಿವೆ. ದಂಡಸಂಹಿತೆಯಲ್ಲಿ ಇಲ್ಲದ ಪದವನ್ನು ಕೋರ್ಟು ತೆಗೆಯಲಾರದು, ಸರ್ಕಾರ ತೆಗೆಯಲಾರದು. ಯಾರಿಗೆ ಅಂದಿರಿ ಎಂಬುದು ನಿಮಗೆ ನೆನಪಿದೆ, ಇಲ್ಲವೆಂದು ನಟಿಸಬೇಡಿ. ಪತ್ರಿಕೆ ಕೆಳಗಿಡಿ. ಚಪ್ಪಲಿ ಮೆಟ್ಟಿಕೊಂಡು ಅವರ ಮನೆಯ ತನಕ ನಡೆಯಿರಿ. ನೆರೆಯವರು ಕೇಳುವಷ್ಟು ಗಟ್ಟಿಯಾಗಿ, ಅವರ ಹೆಸರು ಹಿಡಿದು ಕರೆದು, ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಿ.